ಬ್ರಿಜೇಶ್ ಪಟೇಲ್

ಕರ್ನಾಟಕದ ಬಲಗೈ ಬ್ಯಾಟರ್, ಭಾರತದ ಅತ್ಯುತ್ತಮ ಕವರ್ ಕ್ಷೇತ್ರರಕ್ಷಕರಲ್ಲಿ ಒಬ್ಬರು. 1952ರ ನವೆಂಬರ್ 24ರಂದು ಬರೋಡಾದಲ್ಲಿ ಜನಿಸಿದರು. ಕವರ್ ಸ್ಥಾನದವರು ಬಿರುಸಿನ ಚೆಂಡನ್ನು ಓಡುತ್ತಲೇ ಹಿಡಿದು, ನಿಲ್ಲದೆ ವಿಕೆಟ್‌ನತ್ತ ಎಸೆಯಬೇಕು. ಸ್ಪಿನ್ನರ್‌ಗಳನ್ನೇ ನೆಚ್ಚಿದ್ದ ಆ ಕಾಲದ ಭಾರತ ತಂಡದಲ್ಲಿ ಇಂಥ ಚುರುಕು ಅಪರೂಪವಾಗಿತ್ತು.

1974ರ ಇಂಗ್ಲೆಂಡ್ ಪ್ರವಾಸದಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ಅದೇ ವರ್ಷದ ಜುಲೈನಲ್ಲಿ ಲೀಡ್ಸ್‌ನಲ್ಲಿ ನಡೆದ ಭಾರತದ ಮೊತ್ತಮೊದಲ ಏಕದಿನ ಪಂದ್ಯದಲ್ಲಿ 82 ರನ್ ಹೊಡೆದು ತಂಡದ ಗರಿಷ್ಠ ಸ್ಕೋರರ್ ಆದರು. 1976ರ ವೆಸ್ಟ್ ಇಂಡೀಸ್ ಪ್ರವಾಸವೇ ಅವರ ಉತ್ತುಂಗ: ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಜೇಯ 115, ಅಲ್ಲಿಯೇ ಮುಂದಿನ ಟೆಸ್ಟ್‌ನಲ್ಲಿ ಭಾರತ 403 ರನ್ ಗುರಿ ಮುಟ್ಟಿದಾಗ ಅಜೇಯ 49. ಆದರೂ 21 ಟೆಸ್ಟ್‌ಗಳಲ್ಲಿ 972 ರನ್ನಿಗೆ ಅವರ ಟೆಸ್ಟ್ ಬದುಕು 1977ರಲ್ಲಿ ನಿಂತಿತು. ಅವರ ಪ್ರತಿಭೆಗೆ ಅದು ಕಡಿಮೆಯೇ.

ದೇಶಿ ಕ್ರಿಕೆಟ್‌ನಲ್ಲಿ ಅವರದು ಬೇರೆಯೇ ಎತ್ತರ. ಬೊಂಬಾಯಿಯ ಪ್ರಾಬಲ್ಯ ಮುರಿದ 1973–74ರ ರಣಜಿ ಸೆಮಿಫೈನಲ್‌ನಲ್ಲಿ ಸಹ ಆಟಗಾರ ಜಿ.ಆರ್. ವಿಶ್ವನಾಥ್ ಜತೆ ಅವರೂ ಶತಕ ಬಾರಿಸಿದರು. 1982–83ರಲ್ಲಿ ನಾಯಕರಾಗಿ ಕರ್ನಾಟಕಕ್ಕೆ ಮತ್ತೆ ರಣಜಿ ಟ್ರೋಫಿ ಗೆದ್ದುಕೊಟ್ಟರು. ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದು, 2019ರಲ್ಲಿ ಐಪಿಎಲ್ ಆಡಳಿತ ಮಂಡಳಿಯ ಅಧ್ಯಕ್ಷರಾದರು.