ತಡವಾಗಿ ಬರುವ ದನಿ

ಲ್ಯಾಪ್‌ಟಾಪ್ ಮುಂದೆ ಕೂತು ತಾವೇ ಹಾಡಿ ತಾವೇ ರೆಕಾರ್ಡ್ ಮಾಡಿಕೊಳ್ಳುವವರ ಮೊದಲ ತಕರಾರು ಸಾಮಾನ್ಯವಾಗಿ ಒಂದೇ: ಹೆಡ್‌ಫೋನ್‌ನಲ್ಲಿ ತಮ್ಮ ದನಿ ಒಂದು ಗಳಿಗೆ ತಡವಾಗಿ ಕೇಳುತ್ತದೆ. ಇದು ಕಂಪ್ಯೂಟರ್ ತಂದ ಕಾಟ ಎಂಬುದು ಎಲ್ಲರ ನಂಬಿಕೆ. ಆದರೆ ಈ ತಡ ಕಂಪ್ಯೂಟರಿಗಿಂತ ಹಳೆಯದು. ಅದನ್ನೇ ಭರವಸೆಯ ಗುರುತಾಗಿ ಕಂಡ ಕಾಲವೂ ಇತ್ತು. ಈಗ ಅದು ಕಾಟವಾಗಿರುವುದು ಯಂತ್ರದ ದೋಷದಿಂದ ಅಷ್ಟಾಗಿ ಅಲ್ಲ; ಹಾಡುವವರ ಕಿವಿ, ಮುದ್ರಿಸುವವರ ಕಿವಿ ಎರಡೂ ಒಂದೇ ತಲೆಗೆ ಬಂದು ಸೇರಿದ್ದರಿಂದ.

ಊರೂರು ಸುತ್ತಿ ಧ್ವನಿ ಮುದ್ರಿಸುವ ಕಸುಬು ಶುರುವಾದಾಗ ಕೇಳಿ ನೋಡುವ ದಾರಿಯೇ ಇರಲಿಲ್ಲ. 1902ರ ನವೆಂಬರಿನಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದ್ದು ಮೇಣದ ತಟ್ಟೆಗಳ ಮೇಲೆ. ಪರೀಕ್ಷೆಗೆಂದು ಒಂದು ತಟ್ಟೆ ಕೆಡಿಸಿಕೊಳ್ಳಬಹುದಿತ್ತು. ಉಳಿಸಬೇಕಾದ ತಟ್ಟೆಯ ಮೇಲೆ ಮಾತ್ರ ಸೂಜಿ ಇಡುವಂತಿರಲಿಲ್ಲ. ಇಟ್ಟರೆ ಮೇಣದ ಗೆರೆ ಸವೆದು ಅಚ್ಚಿಗೆ ಬಾರದು. ತಟ್ಟೆಗಳು ಸಮುದ್ರ ದಾಟಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ರೆಕಾರ್ಡ್‌ಗಳಾಗಿ ಬಂದ ಮೇಲೆಯೇ ಹಾಡು ನಿಜಕ್ಕೂ ಕೇಳುತ್ತಿದ್ದುದು. ತಡ ಎಂದರೆ ಅದು! ಹೆಡ್‌ಫೋನ್ ಆಗ ಈ ಕಸುಬಿನ ಹತ್ತಿರವೂ ಇರಲಿಲ್ಲ. 1910ರಲ್ಲಿ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಮಾಡಿಕೊಟ್ಟ ಜೋಡಿಗಳನ್ನು ಅಮೆರಿಕದ ನೌಕಾಪಡೆ ಕೊಂಡದ್ದು ವೈರ್‌ಲೆಸ್ ಸಂದೇಶ ಕೇಳುವುದಕ್ಕೆ.

ಕಿವಿಗೆ ನಿಜವಾದ ಅಧಿಕಾರ ಕೊಟ್ಟದ್ದು ಟೇಪು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್ಕಿ 1951ರಲ್ಲಿ ಹೊತ್ತೊಯ್ಯಬಹುದಾದ ರೆಕಾರ್ಡರ್ ಮಾಡಿ ಅದಕ್ಕೆ ನಾಗ್ರಾ ಎಂದು ಹೆಸರಿಟ್ಟರು. ಪೋಲಿಷ್ ಭಾಷೆಯಲ್ಲಿ ‘ಅದು ಮುದ್ರಿಸುತ್ತದೆ’ ಎಂಬ ಅರ್ಥ. ಸಿನಿಮಾದವರು ಮೆಚ್ಚಿದ ನಂತರದ ನಾಗ್ರಾಗಳಲ್ಲಿ ಅಳಿಸಲು, ಬರೆಯಲು, ಓದಲು ಬೇರೆ ಬೇರೆ ಹೆಡ್‌ಗಳಿದ್ದವು. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುವಾಗ ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ 4 ಸೆಂಟಿಮೀಟರ್ ಅಂತರವಿದ್ದರೆ, ಮುದ್ರಕರ ಕಿವಿಗೆ ಮಾತು ಬರುವುದು ಸುಮಾರು ಐದನೇ ಒಂದು ಸೆಕೆಂಡ್ ತಡವಾಗಿ. ನಟನ ತುಟಿ ಮುಚ್ಚಿದ ಮೇಲೆ ಕೊನೆಯ ಅಕ್ಷರ ಕೇಳಿಸಿತೆಂದರೆ ಅದು ಟೇಪಿನ ಮೇಲೆ ಕೂತಿದೆ ಎಂದೇ ಅರ್ಥ. ಹೆಡ್ಡಿಗೆ ಕೊಳೆ ಮೆತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತಿತ್ತು. ಇದೇ ತಡವನ್ನು ಮಾತಾಡುವವನ ಕಿವಿಗೇ ಹಾಕಿದರೆ ಅವನು ತೊದಲುತ್ತಾನೆಂದು ಸಂಶೋಧಕ ಬರ್ನಾರ್ಡ್ ಲೀ 1950ರಲ್ಲಿಯೇ ತೋರಿಸಿದ್ದರು. ನಟನ ತಲೆಯ ಮೇಲೆ ಹೆಡ್‌ಫೋನ್ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ದನಿ ಕೊಡುವವರು, ಮುದ್ರಿಸುವವರು ಎಂಬ ಆ ಇಬ್ಬರನ್ನೂ ಲ್ಯಾಪ್‌ಟಾಪ್ ಒಬ್ಬರನ್ನಾಗಿ ಮಾಡಿತು. ಕಂಪ್ಯೂಟರ್ ದನಿಯನ್ನು ಕಂತುಗಳಲ್ಲಿ ನುಂಗುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಎಂದಿಟ್ಟುಕೊಂಡರೆ 256 ಸ್ಯಾಂಪಲ್‌ಗಳ ಒಂದು ಕಂತು, ಅಂದರೆ ಬಫರ್, ತುಂಬಲು 5.3 ಮಿಲಿಸೆಕೆಂಡ್ ಬೇಕು. ಒಳಗೆ ಒಮ್ಮೆ, ಹೊರಗೆ ಒಮ್ಮೆ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೋ (ASIO) ಡ್ರೈವರ್ ಈ ದಾರಿಯನ್ನು ಬಹಳ ಮೊಟಕುಗೊಳಿಸಿತು. ಹತ್ತು ಮಿಲಿಸೆಕೆಂಡಿನಲ್ಲಿ ದನಿ ಗಾಳಿಯಲ್ಲಿ ಮೂರೂವರೆ ಮೀಟರ್ ದಾಟುತ್ತದೆ, ಕಛೇರಿಯಲ್ಲಿ ಅಷ್ಟು ದೂರ ಕೂತವರ ಮೃದಂಗಕ್ಕೆ ಹಾಡುವುದಿಲ್ಲವೇ ಎಂದು ಕೇಳಬಹುದು. ಮೃದಂಗಕ್ಕೆ ಆ ಲೆಕ್ಕ ಸರಿ. ಸ್ವಂತ ದನಿ ಹಾಗಲ್ಲ; ಅದು ತಲೆಬುರುಡೆಯ ಮೂಲಕ ಆಗಲೇ ಒಳಗಿವಿ ಮುಟ್ಟಿರುತ್ತದೆ. ಹಿಂದೆಯೇ ಬಂದ ಹೆಡ್‌ಫೋನಿನ ದನಿ ಅದರೊಡನೆ ಬೆರೆತಾಗ ಕೊಳವೆಯೊಳಗೆ ಹಾಡಿದಂತೆ ಟೊಳ್ಳಾಗುತ್ತದೆ.

ಹಾಗಾಗಿಯೇ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಬಂತು: ಮೈಕಿನ ದನಿ ಕಂಪ್ಯೂಟರಿಗೆ ಹೋಗಿಬರದೆ ನೇರ ಹೆಡ್‌ಫೋನಿಗೆ. ಹಾಡುವವರಿಗೆ ಇದು ವರ. ಸಾಫ್ಟ್‌ವೇರಿನಿಂದ ಅದೇ ದನಿ ಮತ್ತೆ ಬರದಂತೆ ನಿಲ್ಲಿಸಿದರೆ ಸಾಕು, ಬಫರನ್ನು 1024ಕ್ಕೂ ಏರಿಸಬಹುದು. ಮುದ್ರಕರ ಪಾಲಿಗೆ ಮಾತ್ರ ಇದು ಟೇಪಿಗಿಂತ ಹಿಂದಿನ ಸ್ಥಿತಿ: ಕೇಳುತ್ತಿರುವುದು ಒಳಗೆ ಹೋಗುತ್ತಿರುವ ದನಿ, ಉಳಿದ ದನಿಯಲ್ಲ. ಪರದೆಯ ಮೇಲೆ ಅಲೆಯ ಚಿತ್ರ ಮೂಡುತ್ತಿರುತ್ತದಲ್ಲ, ಇನ್ನೇಕೆ ಅನುಮಾನ ಎನ್ನುವವರಿದ್ದಾರೆ. ಬಫರ್ ಸಾಲದೆ ಕೆಲವೇ ಸ್ಯಾಂಪಲ್ ತಪ್ಪಿದಾಗ ಆಗುವ ‘ಟಿಕ್’ ಐದು ನಿಮಿಷದ ಅಲೆಯ ಚಿತ್ರದಲ್ಲಿ ಕೂದಲೆಳೆಯಷ್ಟೂ ಕಾಣದು. ಅದನ್ನು ಹಿಡಿಯಬೇಕಾದರೆ ಹಾಡಿ ಮುಗಿದ ಮೇಲೆ, ವಾದ್ಯ ಗವಸಿನೊಳಗೆ ಹೋಗುವ ಮೊದಲೇ, ಕಡತವನ್ನು ಅದೇ ಹೆಡ್‌ಫೋನ್‌ನಲ್ಲಿ ಕೇಳಬೇಕು. ಇಂಟರ್‌ಫೇಸಿನ ತಿರುಗುಣಿ ಪೂರ್ತಿ ಮೈಕಿನ ಕಡೆಗಿದ್ದಾಗ ರೆಕಾರ್ಡ್ ಗುಂಡಿ ಒತ್ತುವುದನ್ನೇ ಮರೆತರೂ ಕಿವಿಗೆ ಎಲ್ಲವೂ ಸೊಗಸಾಗಿಯೇ ಕೇಳುತ್ತಿರುತ್ತದೆ.