ವಿಷದ ಹಾವಿನ ಗುರುತು

ಮನೆಯೊಳಗೆ ಹಾವು ನುಸುಳಿತೆಂದರೆ ನೀವು ಮೊದಲು ಕೇಳುವ ಮಾತು, ಅದು ವಿಷದ್ದೋ ಅಲ್ಲವೋ ಎಂದಲ್ಲವೆ? ಈ ಪ್ರಶ್ನೆಯನ್ನೇ ಹಿಡಿದು ಕೋರಮಂಡಲ ಕರಾವಳಿಯಲ್ಲಿ ದುಡಿದವನು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ. 1785ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನಿಸರ್ಗಶಾಸ್ತ್ರಜ್ಞನಾದ ಆತನು ಹಾವುಗಳ ಹುರುಪೆಗಳನ್ನು ಎಣಿಸಿದನು. ನಾಯಿ, ಕೋಳಿಗಳಿಗೆ ಕಚ್ಚಿಸಿ ಪರೀಕ್ಷಿಸಿದನು. 1796ರಲ್ಲಿ ಆತನ ಸಚಿತ್ರ ಗ್ರಂಥ ಲಂಡನ್ನಿನಲ್ಲಿ ಹೊರಬಂದಿತು.

ಹುರುಪೆಯ ಎಣಿಕೆಯಿಂದ ಜಾತಿ ತಿಳಿದೀತು, ವಿಷ ತಿಳಿಯದು. ಮೇಲ್ದವಡೆಯ ವಿಷದ ಹಲ್ಲೇ ನಿಜವಾದ ಸಾಕ್ಷಿ. ಆದರೆ ಬದುಕಿರುವ ಹಾವಿನ ಬಾಯಿ ತೆರೆದು ನೋಡುವವರಾರು? ಬಣ್ಣವನ್ನಂತೂ ನಂಬಬೇಡಿ. ಕಟ್ಟುಹಾವಿನ ಮೈಮೇಲೂ, ವಿಷವಿಲ್ಲದ ತೋಳಹಾವಿನ ಮೈಮೇಲೂ ಬಿಳಿಯ ಪಟ್ಟೆಗಳೇ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಮಾತ್ರ ದೊಡ್ಡವು, ಆರು ಮೂಲೆಯವು. ಅದು ಕಚ್ಚುವುದೋ ಇರುಳಿನಲ್ಲಿ, ನೆಲದ ಮೇಲೆ ಮಲಗಿದವರನ್ನು. ಆಗ ಮೂಲೆ ಎಣಿಸುವುದೆಂತು?

ರಸೆಲ್ ವರ್ಣಿಸಿದ ಹಾವೊಂದಕ್ಕೆ ಇಂಗ್ಲಿಷರು ಆತನ ಹೆಸರನ್ನೇ ಇಟ್ಟರು. ನಮ್ಮವರಿಗೆ ಅದು ಕೊಳಕುಮಂಡಲ. ಕಚ್ಚಿದೆಡೆಯ ಮಾಂಸ ಕೊಳೆಯುವುದನ್ನು ಕಂಡವರು ಇಟ್ಟ ಹೆಸರೆಂದು ನನ್ನ ಊಹೆ.

ಇಂದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಆದುದರಿಂದ ಕಚ್ಚಿದ ಹಾವನ್ನು ಹುಡುಕಿ ಕೊಂದು ತರುವ ತನಕ ರೋಗಿಯನ್ನು ಕಾಯಿಸಬೇಕಾಗಿಲ್ಲ.