ಹೊರಗಣ್ಣು, ಒಳಗಣ್ಣು: ಆದಿ ಕ್ರೈಸ್ತ ಸಭೆಯಲ್ಲಿ ಕುರುಡು ಮತ್ತು ನಂಬಿಕೆಯ ವಿಚಾರ

ಕಣ್ಣಿನಿಂದ ಕಾಣುವುದನ್ನೂ ಮನಸ್ಸಿನಿಂದ ಅರಿಯುವುದನ್ನೂ ಒಂದೇ ಮಾತಿನಿಂದ ಸೂಚಿಸುವ ವಾಡಿಕೆ ಹಲವು ಭಾಷೆಗಳಲ್ಲಿ ಉಂಟು. ಕನ್ನಡದಲ್ಲಿಯೂ ‘ಕಂಡವರು’ ಎಂದರೆ ಅರಿತವರು. ‘ಕಣ್ತೆರೆಯಿತು’ ಎಂದರೆ ತಿಳಿವು ಮೂಡಿತೆಂದೇ ಅರ್ಥ. ಈ ವಾಡಿಕೆ ನಿರಪಾಯವೆಂದು ತೋರಿದರೂ ಅದರ ಬೆನ್ನಿಗೇ ಕಠಿಣವಾದ ಪ್ರಶ್ನೆಗಳು ಏಳುತ್ತವೆ. ಅರಿವಿಲ್ಲದವನು ಕುರುಡನೆಂದಮೇಲೆ, ಕುರುಡನನ್ನು ಅರಿವಿಲ್ಲದವನೆಂದೋ ಪಾಪಿಯೆಂದೋ ಎಣಿಸಬಹುದೆ? ನಂಬಿದವನಿಗೆ ದೃಷ್ಟಿ ಮರಳಿತೆಂದಮೇಲೆ, ಮರಳದವನಿಗೆ ನಂಬಿಕೆ ಸಾಲದೆನ್ನಬಹುದೆ? ಕ್ರೈಸ್ತ ಸಭೆಯು ತನ್ನ ಮೊದಲ ನಾಲ್ಕು ಶತಮಾನಗಳಲ್ಲಿ ಈ ಪ್ರಶ್ನೆಗಳನ್ನು ಎದುರಿಸಿದ ಬಗೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧

ಸುವಾರ್ತೆಗಳಲ್ಲಿ ಕುರುಡರಿಗೆ ಕಣ್ಣು ಬಂದ ಪ್ರಸಂಗಗಳು ಹಲವಿವೆ. ಆದರೆ ಅವೆಲ್ಲವೂ ಒಂದೇ ಅಚ್ಚಿನಲ್ಲಿ ಎರಕಗೊಂಡವಲ್ಲ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೆರಿಕೋವಿನ ದಾರಿಯ ಬದಿಯಲ್ಲಿ ಭಿಕ್ಷೆಗೆ ಕುಳಿತ ಬಾರ್ತಿಮಾಯನು ಜನರು ಗದರಿಸಿದಷ್ಟೂ ಹೆಚ್ಚಾಗಿ ಕೂಗುತ್ತಾನೆ. ಅವನ ನಂಬಿಕೆಯೇ ಅವನನ್ನು ಉಳಿಸಿತೆಂದು ಯೇಸು ನುಡಿಯುತ್ತಾನೆ. ಇಲ್ಲಿ ನಂಬಿಕೆ ಮೊದಲು, ದೃಷ್ಟಿ ಅನಂತರ. ಅದೇ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಬರುವ ಬೇತ್ಸಾಯಿದದ ಕುರುಡನನ್ನು ಅನ್ಯರು ಕೈಹಿಡಿದು ಕರೆತರುತ್ತಾರೆ. ಅವನ ನಂಬಿಕೆಯ ಸುದ್ದಿಯೇ ಇಲ್ಲ. ಮೊದಲ ಸ್ಪರ್ಶಕ್ಕೆ ಮನುಷ್ಯರು ನಡೆದಾಡುವ ಮರಗಳಂತೆ ಮಸುಕಾಗಿ ತೋರುತ್ತಾರೆ. ಎರಡನೆಯ ಸ್ಪರ್ಶಕ್ಕೆ ಎಲ್ಲವೂ ಸ್ಪಷ್ಟವಾಗುತ್ತದೆ. ಮಾರ್ಕನು ಈ ಪ್ರಸಂಗವನ್ನು ಇರಿಸಿರುವ ಸ್ಥಾನ ಗಮನಾರ್ಹವಾದುದು. ಇದಕ್ಕೆ ತುಸು ಹಿಂದೆಯೇ, ಕಣ್ಣಿದ್ದೂ ಕಾಣದವರೆಂದು ಯೇಸು ತನ್ನ ಸ್ವಂತ ಶಿಷ್ಯರನ್ನು ಆಕ್ಷೇಪಿಸಿದ್ದಾನೆ. ಹಂತಹಂತವಾಗಿ ತೆರೆಯಬೇಕಾದ ಕಣ್ಣು ಬೇತ್ಸಾಯಿದದವನದು ಮಾತ್ರವಲ್ಲವೆಂಬುದು ಇದರಿಂದ ಹೊಳೆಯುತ್ತದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ವಿಸ್ತಾರವಾದುದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯ. ಹುಟ್ಟುಗುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲವೆಂಬುದು ಯೇಸುವಿನ ಉತ್ತರ. ಅನಂತರ ಆತನು ಉಗುಳಿನಿಂದ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿ ಸಿಲೋವದ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸುತ್ತಾನೆ. ಈ ಕೊಳವು ಬರಿಯ ಸಂಕೇತವೆಂದು ಭಾವಿಸಿದ ವಿದ್ವಾಂಸರೂ ಇದ್ದರು. ೨೦೦೪ರಲ್ಲಿ ಯೆರೂಸಲೇಮಿನಲ್ಲಿ ಒಳಚರಂಡಿಯ ಕೊಳವೆಯನ್ನು ದುರಸ್ತಿಮಾಡುವಾಗ ಆ ಕಾಲದ ಕೊಳವೊಂದರ ಕಲ್ಲಿನ ಮೆಟ್ಟಿಲುಗಳು ಬೆಳಕಿಗೆ ಬಂದವು. ಉತ್ಖನನ ನಡೆಸಿದವರು ಇದೇ ಸಿಲೋವವೆಂದು ಗುರುತಿಸಿದರು.

ಆದರೆ ಆ ಅಧ್ಯಾಯದ ಬಹುಭಾಗ ಸ್ವಾಸ್ಥ್ಯದ ವರ್ಣನೆಯಲ್ಲ, ವಿಚಾರಣೆಯ ವರದಿ. ನೆರೆಯವರು ಇವನು ಆ ಭಿಕ್ಷುಕನೇ ಹೌದೋ ಅಲ್ಲವೋ ಎಂದು ವಾದಿಸುತ್ತಾರೆ. ಸಬ್ಬತ್ತಿನ ನಿಯಮ ಮುರಿಯಿತೆಂದು ಫರಿಸಾಯರು ಆಕ್ಷೇಪವೆತ್ತುತ್ತಾರೆ. ಹೆತ್ತವರು ಹೆದರಿ ಮಗನನ್ನೇ ಕೇಳಿರೆಂದು ಜಾರಿಕೊಳ್ಳುತ್ತಾರೆ. ದೃಷ್ಟಿ ಪಡೆದವನು ಮೊದಲು ತನ್ನನ್ನು ಗುಣಪಡಿಸಿದಾತನು ಯೇಸುವೆಂಬ ಒಬ್ಬ ಮನುಷ್ಯನೆನ್ನುತ್ತಾನೆ, ಆಮೇಲೆ ಪ್ರವಾದಿಯೆನ್ನುತ್ತಾನೆ, ಬಳಿಕ ದೇವರಿಂದ ಬಂದವನೆನ್ನುತ್ತಾನೆ, ಬಹಿಷ್ಕೃತನಾದ ಮೇಲೆಯೇ ನಂಬಿ ಅಡ್ಡಬೀಳುತ್ತಾನೆ. ಬಾರ್ತಿಮಾಯನ ಕ್ರಮ ಇಲ್ಲಿ ತಲೆಕೆಳಗಾಗಿದೆ: ದೃಷ್ಟಿ ಮೊದಲು, ನಂಬಿಕೆ ಕೊನೆಗೆ. ಆದ್ದರಿಂದ ನಂಬಿಕೆಯ ಪ್ರಮಾಣಕ್ಕೆ ತಕ್ಕಂತೆ ಸ್ವಾಸ್ಥ್ಯ ದೊರೆಯುತ್ತದೆಂಬ ಸೂತ್ರವನ್ನು ಸುವಾರ್ತೆಗಳಿಂದ ಹಿಂಡಿ ತೆಗೆಯುವುದು ಸಾಧ್ಯವಿಲ್ಲ.

೨

ಸಭೆಯು ಈ ಪ್ರಸಂಗವನ್ನು ಬಹುಬೇಗನೆ ದೀಕ್ಷಾಸ್ನಾನಕ್ಕೆ ಅನ್ವಯಿಸಿತು. ಎರಡನೆಯ ಶತಮಾನದ ನಡುವಿನಲ್ಲಿ ಯುಸ್ತಿನನು ಆ ಸಂಸ್ಕಾರವನ್ನು ‘ಬೆಳಗು’ ಎಂಬರ್ಥದ ಗ್ರೀಕ್ ಶಬ್ದದಿಂದ ಕರೆದಿದ್ದಾನೆ. ಮಿಲಾನ್ ನಗರದ ಧರ್ಮಾಧ್ಯಕ್ಷನಾದ ಆಂಬ್ರೋಸನು ಹೊಸದಾಗಿ ದೀಕ್ಷೆ ಪಡೆದವರಿಗೆ ಉಪದೇಶಿಸುವಾಗ, ಕಣ್ಣಿಗೆ ಹಚ್ಚಿದ ಕೆಸರನ್ನೂ ಸಿಲೋವದ ನೀರನ್ನೂ ಅವರ ಸ್ವಂತ ಅನುಭವವೆಂಬಂತೆ ವಿವರಿಸಿದನು. ಹೊರಗಣ್ಣಿನ ಕಥೆ ಹೀಗೆ ಒಳಗಣ್ಣಿನ ಸಂಸ್ಕಾರವಾಯಿತು.

ಆದರೆ ಅದೇ ಮಿಲಾನಿನಲ್ಲಿ ೩೮೬ರ ಜೂನ್ ತಿಂಗಳಲ್ಲಿ ಹೊರಗಣ್ಣಿನ ಪ್ರಶ್ನೆಯೇ ಮತ್ತೆ ಎದ್ದು ನಿಂತಿತು. ಬಾಲ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನನ ತಾಯಿ ಯುಸ್ತೀನಳು ಏರಿಯನ್ ಪಂಥದವರಿಗೆ ದೇವಾಲಯವೊಂದನ್ನು ಬಿಟ್ಟುಕೊಡಬೇಕೆಂದು ಒತ್ತಾಯಿಸಿದ್ದಳು, ಆಂಬ್ರೋಸನು ಒಪ್ಪಿರಲಿಲ್ಲ. ಈ ಕಲಹದ ನಡುವೆ ಗೆರ್ವಾಸಿಯ ಮತ್ತು ಪ್ರೋತಾಸಿಯರೆಂಬ ಹುತಾತ್ಮರ ಅಸ್ಥಿಗಳು ದೊರೆತವು. ಅವನ್ನು ಹೊಸ ದೇವಾಲಯಕ್ಕೆ ಒಯ್ಯುವಾಗ, ಕುರುಡಿನಿಂದಾಗಿ ಮಾಂಸ ಮಾರುವ ಕಸುಬನ್ನು ಬಿಟ್ಟಿದ್ದ ಸೆವೇರನೆಂಬವನು ಅವುಗಳಿಗೆ ಹೊದಿಸಿದ ವಸ್ತ್ರದ ಅಂಚನ್ನು ಮುಟ್ಟಿದನೆಂದೂ ಅವನಿಗೆ ದೃಷ್ಟಿ ಮರಳಿತೆಂದೂ ಸುದ್ದಿ ಹಬ್ಬಿತು. ಏರಿಯನ್ನರು ಇದನ್ನು ಅಲ್ಲಗಳೆದರು. ಹಿಂದೆ ಅವನನ್ನು ಬಲ್ಲವರೂ ಸಲಹಿದವರೂ ಸಾಕ್ಷಿಗಳಾಗಿರುವರೆಂದು ಆಂಬ್ರೋಸನು ಪ್ರತ್ಯುತ್ತರ ಕೊಟ್ಟು, ಆ ವಾದವನ್ನು ತನ್ನ ಅಕ್ಕ ಮಾರ್ಸೆಲ್ಲೀನಳಿಗೆ ಬರೆದ ಪತ್ರದಲ್ಲಿ ದಾಖಲಿಸಿದನು. ಯೋಹಾನನ ಒಂಬತ್ತನೆಯ ಅಧ್ಯಾಯವೇ ಮಿಲಾನಿನ ಬೀದಿಯಲ್ಲಿ ಮರಳಿ ನಡೆದಂತಿತ್ತು. ಒಂದು ಭೇದ ಮಾತ್ರ ಮರೆಯತಕ್ಕುದಲ್ಲ: ಸಿಲೋವದವನ ಸಾಕ್ಷ್ಯ ಅವನಿಗೆ ಬಹಿಷ್ಕಾರವನ್ನು ತಂದಿತು, ಸೆವೇರನ ಸಾಕ್ಷ್ಯ ಒಂದು ಪಕ್ಷಕ್ಕೆ ಬಲವನ್ನು ತಂದಿತು.

೩

ಈ ಘಟನೆ ನಡೆದಾಗ ಅದೇ ನಗರದಲ್ಲಿ ಇನ್ನೂ ದೀಕ್ಷೆ ಪಡೆಯದಿದ್ದ ಅಲಂಕಾರಶಾಸ್ತ್ರದ ಅಧ್ಯಾಪಕನೊಬ್ಬನಿದ್ದನು, ಆತನೇ ಅಗಸ್ಟೀನ. ಆದರೂ ೩೯೦ರ ಸುಮಾರಿಗೆ ಸತ್ಯಧರ್ಮವನ್ನು ಕುರಿತು ಬರೆದ ಗ್ರಂಥದಲ್ಲಿ, ಅಪೊಸ್ತಲರ ಕಾಲದ ಅದ್ಭುತಗಳು ತನ್ನ ಕಾಲದವರೆಗೆ ಮುಂದುವರಿಯಲಿಲ್ಲವೆಂದು ಅವನು ಹೇಳಿದನು. ಕಣ್ಣಿಗೆ ಕಾಣುವುದನ್ನೇ ಮನಸ್ಸು ಸದಾ ಹುಡುಕಬಾರದು, ಬಳಕೆಯಿಂದ ಬೆರಗು ಆರಿಹೋಗಬಾರದು ಎಂಬುದು ಅವನ ಕಾರಣ. ಯೆರಿಕೋವಿನ ಇಬ್ಬರು ಕುರುಡರನ್ನು ಕುರಿತ ಉಪದೇಶದಲ್ಲಿ, ಹೃದಯದ ಕಣ್ಣನ್ನು ಗುಣಪಡಿಸಿಕೊಳ್ಳುವುದೇ ಈ ಜೀವಿತದ ಇಡೀ ಕೆಲಸವೆಂದು ಅವನು ಬೋಧಿಸಿದನು; ಕೂಗುವವರನ್ನು ಗದರಿಸಿದ ಗುಂಪು ಎಂದರೆ ಹೆಸರಿಗಷ್ಟೇ ಕ್ರೈಸ್ತರಾದವರು ಎಂದು ಅರ್ಥವಿಸಿದನು. ಯೋಹಾನನ ವ್ಯಾಖ್ಯಾನದಲ್ಲಿ ಆ ಹುಟ್ಟುಗುರುಡನು ಇಡೀ ಮಾನವಕುಲವೇ ಆಗಿದ್ದಾನೆ. ಈ ಕೊನೆಯ ಮಾತಿನ ತೂಕ ದೊಡ್ಡದು. ಕುರುಡು ಎಲ್ಲರದೆಂದಾಗ ಒಬ್ಬನ ಕಡೆಗೆ ಬೆರಳು ತೋರಲು ಅವಕಾಶವಿರುವುದಿಲ್ಲ.

ಇಳಿವಯಸ್ಸಿನಲ್ಲಿ ಅವನ ನಿಲುವು ಬದಲಾಯಿತು. ೪೧೫ರಲ್ಲಿ ಪಾಲೆಸ್ತೀನದಲ್ಲಿ ದೊರೆತ ಸ್ತೆಫನನ ಅಸ್ಥಿಗಳ ಅಂಶ ಆಫ್ರಿಕದ ಹಿಪ್ಪೋ ನಗರಕ್ಕೆ ಬಂದಮೇಲೆ, ಅಲ್ಲಿ ಗುಣವಾದವರಿಂದ ಅಗಸ್ಟೀನನು ಲಿಖಿತ ಹೇಳಿಕೆಗಳನ್ನು ಪಡೆದು ಸಭೆಯ ಮುಂದೆ ಓದಿಸತೊಡಗಿದನು. ಎರಡು ವರ್ಷ ತುಂಬುವ ಮೊದಲೇ ಅಂಥ ಹೇಳಿಕೆಗಳು ಸುಮಾರು ೭೦ ಆಗಿದ್ದವೆಂದು ‘ದೇವನಗರ’ ಗ್ರಂಥದ ಇಪ್ಪತ್ತೆರಡನೆಯ ಭಾಗದಲ್ಲಿ ಬರೆದಿದ್ದಾನೆ. ಅಲ್ಲಿಯೇ ತಿಬಿಲಿಸ್ ಪ್ರಾಂತದ ಕುರುಡಿಯೊಬ್ಬಳ ಸಂಗತಿ ಬರುತ್ತದೆ. ಧರ್ಮಾಧ್ಯಕ್ಷನು ಒಯ್ಯುತ್ತಿದ್ದ ಅಸ್ಥಿಗಳ ಬಳಿಗೆ ಅವಳು ಹೂಗಳನ್ನು ಕೊಟ್ಟು, ಮರಳಿ ಪಡೆದು ಕಣ್ಣಿಗೊತ್ತಿಕೊಂಡಳು. ಬಳಿಕ ಕೈಹಿಡಿದು ನಡೆಸುವವರು ಬೇಡವಾಗಿ ಮೆರವಣಿಗೆಯ ಮುಂದೆ ತಾನೇ ನಡೆದಳೆಂದು ಹೇಳಿದೆ. ಕಾರ್ತೇಜಿನಲ್ಲಿ ಸ್ತನದ ವ್ರಣ ವಾಸಿಯಾದ ಕುಲೀನ ಸ್ತ್ರೀಯೊಬ್ಬಳು ಅದನ್ನು ಬಹಿರಂಗಪಡಿಸದೆ ಇದ್ದುದಕ್ಕೆ ಅವನು ಕೋಪಿಸಿಕೊಂಡುದೂ ಅಲ್ಲಿ ದಾಖಲಾಗಿದೆ.

೪೨೬–೨೭ರಲ್ಲಿ ತನ್ನ ಗ್ರಂಥಗಳನ್ನೆಲ್ಲ ಮರುಪರಿಶೀಲಿಸಿದಾಗ ಅವನು ಹಳೆಯ ಮಾತನ್ನು ತಿದ್ದಿದನು. ಅಪೊಸ್ತಲರ ಕಾಲದಷ್ಟು ಅದ್ಭುತಗಳು ಈಗ ನಡೆಯುವುದಿಲ್ಲವೆಂಬುದು ಸರಿ. ಏನೂ ನಡೆಯುವುದಿಲ್ಲವೆಂಬ ಅರ್ಥದಲ್ಲಿ ತಪ್ಪು. ಹಾಗೆ ಬರೆದಾಗಲೇ ಮಿಲಾನಿನ ಕುರುಡನ ಸಂಗತಿ ತನಗೆ ತಿಳಿದಿತ್ತು ಎಂದು ಒಪ್ಪಿಕೊಂಡನು. ತಾನಿದ್ದ ನಗರದಲ್ಲಿಯೇ ನಡೆದುದನ್ನು ತನ್ನ ಬರಹ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬ ಈ ಒಪ್ಪಿಗೆಯನ್ನು, ಅದ್ಭುತಗಳನ್ನು ನಂಬದ ಓದುಗನೂ ಗೌರವಿಸಬೇಕಾಗುತ್ತದೆ. ಆದರೆ ಆ ೭೦ ಹೇಳಿಕೆಗಳೂ ಗುಣವಾದವರವು. ಗುಣವಾಗದೆ ಮರಳಿದವರಿಂದ ಹೇಳಿಕೆ ಬರೆಯಿಸಿಕೊಳ್ಳುವ ಪದ್ಧತಿ ಎಲ್ಲಿಯೂ ಇರಲಿಲ್ಲ.

೪

ಅಂಥವರ ಕಡೆಗೆ ಮುಖಮಾಡಿದ ಒಂದು ಪತ್ರ ಮಾತ್ರ ಜೆರೋಮನದು. ಪನ್ನೋನಿಯದ ಕುರುಡ ಕಾಸ್ತ್ರೂತಿಯನೆಂಬವನು ಜೆರೋಮನನ್ನು ಕಾಣಲು ಬೇತ್ಲೆಹೇಮಿಗೆ ಹೊರಟು ಅರ್ಧದಾರಿಯಿಂದ ಹಿಂದಿರುಗಿದ್ದನು. ಅವನಿಗೆ ೩೯೭ರ ಸುಮಾರಿಗೆ ಬರೆದ ಸಮಾಧಾನದ ಮಾತಿನಲ್ಲಿ, ಕುರುಡನ್ನು ಪಾಪದ ಫಲವೆಂದು ತಿಳಿಯಬಾರದೆಂದು ಜೆರೋಮನು ಯೋಹಾನನ ಆ ಪ್ರಸಂಗವನ್ನೇ ಆಧಾರವಾಗಿ ಕೊಡುತ್ತಾನೆ. ಕಣ್ಣು ಬರುವುದೆಂಬ ಭರವಸೆಯನ್ನು ಕೊಡುವುದಿಲ್ಲ. ನಂಬಿಕೆ ಹೆಚ್ಚಿಸಿಕೊಳ್ಳೆಂದು ಗದರುವುದೂ ಇಲ್ಲ. ಬದಲಾಗಿ ಅಲೆಕ್ಸಾಂಡ್ರಿಯದ ದಿದಿಮನ ಉದಾಹರಣೆ ಕೊಡುತ್ತಾನೆ. ಇರುವೆ ನೊಣಗಳಿಗೂ ಇರುವ ಕಣ್ಣಿಗಾಗಿ ದುಃಖಿಸಬಾರದೆಂದು, ಮರುಭೂಮಿಯ ತಪಸ್ವಿ ಆಂಟೊನಿಯು ದಿದಿಮನಿಗೆ ಹೇಳಿದನಂತೆ.

ದಿದಿಮನು ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವನು. ಹಲಗೆಯ ಮೇಲೆ ಕೊರೆದ ಅಕ್ಷರಗಳನ್ನು ಬೆರಳಿನಿಂದ ತಡವಿ ಕಲಿತನೆಂದು ಇತಿಹಾಸಕಾರ ಸೊಜೊಮೆನನು ತಿಳಿಸುತ್ತಾನೆ. ಧರ್ಮಗ್ರಂಥಗಳ ವ್ಯಾಖ್ಯಾನದಲ್ಲಿ ತನ್ನ ಕಾಲದ ಅಗ್ರಗಣ್ಯರಲ್ಲೊಬ್ಬನಾದನು. ಜೆರೋಮನೇ ಅವನ ಬಳಿ ಕಲಿತಿದ್ದನು. ಮುಂದೆ ಒರಿಗೆನನ ಮತದೊಡನೆ ಅವನ ಹೆಸರೂ ಖಂಡನೆಗೊಳಗಾಗಿ ಅವನ ಗ್ರಂಥಗಳು ಬಹುತೇಕ ಕಣ್ಮರೆಯಾದವು. ೧೯೪೧ರಲ್ಲಿ ಕೈರೋ ಬಳಿಯ ತೂರಾದಲ್ಲಿ ಸಿಕ್ಕ ಪಪೈರಸ್ ಹಸ್ತಪ್ರತಿಗಳಲ್ಲಿ ಅವನ ಹಲವು ವ್ಯಾಖ್ಯಾನಗಳು ದೊರೆತವು. ಅವನಿಗೆ ಕೊನೆಯವರೆಗೂ ಕಣ್ಣು ಬರಲಿಲ್ಲ. ಅವನ ನಂಬಿಕೆ ಅಲ್ಪವಾಗಿತ್ತೆಂದು ಅವನನ್ನು ಬಲ್ಲವರು ಯಾರೂ ಹೇಳಿಲ್ಲ.

೫

ಉತ್ತರೋತ್ತರ ಕಾಲದಲ್ಲಿ ಈ ವಿವೇಕ ಉಳಿಯಲಿಲ್ಲ. ಸ್ಟ್ರಾಸ್‌ಬರ್ಗ್ ಮಹಾದೇವಾಲಯದ ದಕ್ಷಿಣ ದ್ವಾರದಲ್ಲಿ ೧೨೩೦ರ ಸುಮಾರಿಗೆ ಎರಡು ಸ್ತ್ರೀಮೂರ್ತಿಗಳನ್ನು ನಿಲ್ಲಿಸಿದರು: ಕಿರೀಟ ಧರಿಸಿದ ಕ್ರೈಸ್ತ ಸಭೆ ಒಂದೆಡೆ, ಕಣ್ಣಿಗೆ ಬಟ್ಟೆ ಕಟ್ಟಿದ ಯೆಹೂದ್ಯ ಧರ್ಮ ಇನ್ನೊಂದೆಡೆ. ಮಾನವಕುಲಕ್ಕೆಲ್ಲ ಸಲ್ಲುವ ಕುರುಡೆಂದು ಅಗಸ್ಟೀನನು ಹೇಳಿದುದು ಇಲ್ಲಿ ಒಂದೇ ಜನಾಂಗದ ಮುಖಕ್ಕೆ ಕಟ್ಟಿದ ಬಟ್ಟೆಯಾಯಿತು. ೧೩೪೯ರಲ್ಲಿ ಅದೇ ನಗರದಲ್ಲಿ ಯೆಹೂದ್ಯರ ಸಾಮೂಹಿಕ ಹತ್ಯೆ ನಡೆಯಿತು. ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಚಿತ್ರಿಸಬಾರದೆಂದು ಕಥೋಲಿಕ ಸಭೆ ವಿಧ್ಯುಕ್ತವಾಗಿ ಸಾರಿದುದು ೧೯೬೫ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ.

ಯೋಹಾನನ ಅಧ್ಯಾಯ ಮುಗಿಯುವುದು ಕುರುಡನ ಮೇಲೆ ಅಲ್ಲ, ತಮಗೆ ಕಾಣುತ್ತದೆಂದು ಹೇಳಿಕೊಂಡವರ ಮೇಲೆ. ಅವರ ಪಾಪ ಉಳಿದಿರುವುದು ಆ ಹೇಳಿಕೆಯಲ್ಲಿಯೇ ಎಂಬುದು ಅದರ ಕೊನೆಯ ತೀರ್ಪು. ಆ ತೀರ್ಪನ್ನು ಓದುಗನು ಮೊದಲು ತನಗೇ ಅನ್ವಯಿಸಿಕೊಳ್ಳತಕ್ಕುದು. ರೋಗಿಯ ಹಾಸಿಗೆಯ ಬಳಿ ನಿಂತು ಅವನ ನಂಬಿಕೆಯನ್ನು ಅಳೆಯುವವನು, ಶಿಷ್ಯರು ಕೇಳಿದ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆ. ಅದಕ್ಕೆ ದೊರೆತ ಉತ್ತರವನ್ನು ಅರ್ಧದಾರಿಯಿಂದ ಮರಳಿದ ಕಾಸ್ತ್ರೂತಿಯನಿಗೆ ಮುಟ್ಟಿಸಿದುದು ಜೆರೋಮನ ಆ ಪತ್ರದ ಸಾರ್ಥಕತೆ.